ಯಂತ್ರದ ಬಲ, ಚಾಲಕನ ಕೈ: ಐರ್ಟನ್ ಸೆನ್ನಾ



ಉರಿಗಾಂ, ಚಾಂಪಿಯನ್ ರೀಫ್ ಕಡೆಯ ಹಿರಿಯರಿಗೆ ಚಿನ್ನದ ಗಣಿಯ ವೈಂಡಿಂಗ್ ಎಂಜಿನ್ ನೆನಪಿರಬೇಕು. 2001ರಲ್ಲಿ ಗಣಿ ಮುಚ್ಚುವವರೆಗೂ ಭೂಮಿಯ ಆಳಕ್ಕೆ ಇಳಿಯುವ ಕಾರ್ಮಿಕರ ಪ್ರಾಣ ಆ ಎಂಜಿನ್ ನಡೆಸುವವರ ಕೈಯಲ್ಲಿರುತ್ತಿತ್ತು. ಯಂತ್ರ ಹೆಚ್ಚೋ, ನಡೆಸುವ ಕೈ ಹೆಚ್ಚೋ? ಈ ಪ್ರಶ್ನೆಯನ್ನು ಕಾರ್ ಪಂದ್ಯದ ಕಣದಲ್ಲಿ ಎದುರಿಸಿದವರು ಐರ್ಟನ್ ಸೆನ್ನಾ.

ಅವರು 1960ರ ಮಾರ್ಚ್ 21ರಂದು ಬ್ರೆಜಿಲ್‌ನ ಸಾವೊ ಪೌಲೊ ನಗರದ ಕಥೋಲಿಕ ಕುಟುಂಬದಲ್ಲಿ ಜನಿಸಿದರು. ನಾಲ್ಕು ವರ್ಷದ ಮಗನಿಗೆ ತಂದೆ ಹುಲ್ಲು ಕತ್ತರಿಸುವ ಯಂತ್ರದ ಎಂಜಿನ್ ಜೋಡಿಸಿ ಪುಟ್ಟ ಗಾಡಿ ಮಾಡಿಕೊಟ್ಟರು. 1984ರಲ್ಲಿ ಅವರು ಫಾರ್ಮುಲಾ ಒನ್ ಸೇರಿದರು. ಅದೇ ವರ್ಷ ಮೊನಾಕೊದ ಸುರಿಮಳೆಯಲ್ಲಿ, ಸಾಧಾರಣ ಕಾರಿನಲ್ಲಿ ಎರಡನೇ ಸ್ಥಾನ ಪಡೆದು ಎಲ್ಲರ ಕಣ್ಣು ಸೆಳೆದರು.

ಕಾರಿನ ಸುತ್ತ ಹಾಯುವ ಗಾಳಿ ಅದನ್ನು ನೆಲಕ್ಕೆ ಒತ್ತಿ ಹಿಡಿದರೆ ತಿರುವಿನಲ್ಲಿ ವೇಗ ಉಳಿಯುತ್ತದೆ. ಇದಕ್ಕೆ ಕಾರಿನ ತಳ ನೆಲದಿಂದ ಒಂದೇ ಎತ್ತರದಲ್ಲಿರಬೇಕು. ಸ್ಪ್ರಿಂಗ್ ಮಾಡಲಾಗದ ಈ ಕೆಲಸವನ್ನು ಕಂಪ್ಯೂಟರಿಗೆ ವಹಿಸಿದ ಲೋಟಸ್ ಕಾರಿನಲ್ಲಿ ಸೆನ್ನಾ 1987ರಲ್ಲಿ ಮೊನಾಕೊ ಮತ್ತು ಡೆಟ್ರಾಯ್ಟ್ ಪಂದ್ಯಗಳನ್ನು ಗೆದ್ದರು. ಮುಂದೆ ಮೆಕ್‌ಲಾರೆನ್ ತಂಡದಲ್ಲಿ 1988, 1990 ಮತ್ತು 1991ರಲ್ಲಿ ವಿಶ್ವ ಚಾಂಪಿಯನ್ ಆದರು.

1992ರಲ್ಲಿ ವಿಲಿಯಮ್ಸ್ ತಂಡ ಇದೇ ವಿದ್ಯೆಯನ್ನು ಪಕ್ವಗೊಳಿಸಿ ಎಲ್ಲರನ್ನೂ ಹಿಂದಿಕ್ಕಿತು. ಗೆಲ್ಲುವುದು ಚಾಲಕನೋ, ಕಂಪ್ಯೂಟರೋ ಎಂದು ಜನ ಕೇಳತೊಡಗಿದರು. ಚಾಲಕನ ಪಾಲು ಕುಗ್ಗುತ್ತಿದೆ ಎಂದು ಸೆನ್ನಾ ಕೂಡ ಬೇಸರಪಟ್ಟರು. ಆದರೂ ಆ ಕಾರಿಗಾಗಿ ಸಂಬಳವಿಲ್ಲದೆ ಓಡಿಸಲೂ ಸಿದ್ಧರಿದ್ದರು! ಮನುಷ್ಯನ ಮನಸ್ಸು ಹಾಗೆಯೇ ಅಲ್ಲವೇ? 1993ರ ಏಪ್ರಿಲ್ 11ರಂದು ಇಂಗ್ಲೆಂಡಿನ ಡೊನಿಂಗ್‌ಟನ್‌ನಲ್ಲಿ ಮಳೆ ಬಿತ್ತು. ಅವರ ಕಾರಿನಲ್ಲೂ ಕಂಪ್ಯೂಟರ್ ಇತ್ತು, ಎಂಜಿನ್ ಮಾತ್ರ ವಿಲಿಯಮ್ಸ್‌ನದಕ್ಕಿಂತ ದುರ್ಬಲ. ಆರಂಭದಲ್ಲಿ ಐದನೆಯವರಾಗಿದ್ದ ಸೆನ್ನಾ ಮೊದಲ ಸುತ್ತು ಮುಗಿಯುವಷ್ಟರಲ್ಲಿ ಎಲ್ಲರಿಗಿಂತ ಮುಂದಿದ್ದರು.

1994ರಲ್ಲಿ ಇಂಥ ಕಂಪ್ಯೂಟರ್ ನೆರವುಗಳನ್ನು ನಿಷೇಧಿಸಲಾಯಿತು. ಆ ವರ್ಷವೇ ಸೆನ್ನಾ ವಿಲಿಯಮ್ಸ್ ಸೇರಿದರು. ನೆರವು ಕಳೆದುಕೊಂಡ ಹೊಸ ಕಾರು ಹತೋಟಿಗೆ ಸಿಗುವುದೇ ಕಷ್ಟವಾಗಿತ್ತು. ಇಟಲಿಯ ಇಮೋಲಾದಲ್ಲಿ ಏಪ್ರಿಲ್ 30ರಂದು ಆಸ್ಟ್ರಿಯಾದ ಚಾಲಕ ರೋಲಂಡ್ ರಾಟ್ಜನ್‌ಬರ್ಗರ್ ಮಡಿದರು. ಮರುದಿನ ಗೋಡೆಗೆ ಅಪ್ಪಳಿಸಿ ಸೆನ್ನಾ ಅಸುನೀಗಿದರು, ವಯಸ್ಸು 34. ಅಪಘಾತದ ಕಾರಣದ ಬಗ್ಗೆ ತಜ್ಞರಲ್ಲಿ ಒಮ್ಮತವಿಲ್ಲ. ಅವರ ಕಾರಿನಲ್ಲಿ ಮಡಿಸಿಟ್ಟ ಆಸ್ಟ್ರಿಯಾದ ಧ್ವಜ ಸಿಕ್ಕಿತು. ಗೆದ್ದರೆ ಅಗಲಿದ ಜೊತೆಗಾರನ ನೆನಪಿಗೆ ಅದನ್ನು ಹಾರಿಸಬೇಕೆಂದಿದ್ದರು.

ಬೈಬಲ್ ಓದುತ್ತಿದ್ದ, ಬಡಮಕ್ಕಳಿಗಾಗಿ ಮರುಗುತ್ತಿದ್ದ ಅವರ ಆಸೆಯಂತೆ ಸೋದರಿ ವಿವಿಯಾನೆ ಅದೇ ವರ್ಷ ಸಂಸ್ಥೆಯೊಂದನ್ನು ಕಟ್ಟಿದರು. ಬ್ರೆಜಿಲ್‌ನ ಮಕ್ಕಳ ಶಿಕ್ಷಣಕ್ಕಾಗಿ ಅದು ಇಂದಿಗೂ ದುಡಿಯುತ್ತಿದೆ.

ಬಂಗಾರಪೇಟೆಯಲ್ಲಿ ರೈಲು ಹತ್ತಿ ಬೆಂಗಳೂರಿಗೆ ದುಡಿಯಹೋಗುವ ನಮ್ಮ ಮಕ್ಕಳ ಕೈಗೂ ದಿನಕ್ಕೊಂದು ಹೊಸ ಯಂತ್ರ ಬರುತ್ತಿದೆ. ಅದನ್ನು ಅವರು ಚೆನ್ನಾಗಿ ಕಲಿಯಲಿ. ಅದು ಕೈಕೊಟ್ಟ ದಿನ ಧೃತಿಗೆಡದ ಕೈಯೂ, ಬಿದ್ದ ಜೊತೆಗಾರನನ್ನು ಮರೆಯದ ಮನಸ್ಸೂ ಅವರಿಗಿರಲಿ. ಈ ಎರಡನ್ನು ಕಲಿಸುವ ಮೊದಲ ಶಾಲೆ ನಿಮ್ಮ ಮನೆಯೇ.