ಬೆಟ್ಟದಂಚಿನ ಸಮಾನತೆಯ ಶಾಲೆ: ಜಾನ್ ಗ್ರೆಗ್ ಫೀ

ಅಮೆರಿಕದ ಗುಲಾಮಗಿರಿ ವಿರೋಧಿ ಹೋರಾಟವೆಂದೊಡನೆ ಲಿಂಕನ್ ಹಾಗೂ ಉತ್ತರದ ನಗರಗಳು ನೆನಪಾಗುತ್ತವೆ. ಗುಲಾಮಗಿರಿ ಕಾನೂನುಸಮ್ಮತವಾಗಿದ್ದ ಕೆಂಟಕಿಯಲ್ಲೇ, ಅಪಲೇಶಿಯನ್ ಬೆಟ್ಟಸಾಲಿನ ಅಂಚಿನಲ್ಲಿ ನಿಂತು ಅದನ್ನು ಎದುರಿಸಿದವರು ಪಾದ್ರಿ ಜಾನ್ ಗ್ರೆಗ್ ಫೀ.

1816ರಲ್ಲಿ ಕೆಂಟಕಿಯ ಬ್ರಾಕನ್ ಕೌಂಟಿಯಲ್ಲಿ ಜನಿಸಿದ ಫೀ, ಗುಲಾಮರ ಒಡೆಯರೊಬ್ಬರ ಮಗ. ಸಿನ್ಸಿನಾಟಿಯ ಲೇನ್ ಸೆಮಿನರಿಯಲ್ಲಿ ಧರ್ಮಶಾಸ್ತ್ರ ಓದುವಾಗ ಅವರು ಗುಲಾಮಗಿರಿಯ ವಿರೋಧಿಯಾದರು. ಮುನಿದ ತಂದೆ ಆಸ್ತಿಯ ಹಕ್ಕು ನಿರಾಕರಿಸಿದರು. ತಂದೆಯ ಗುಲಾಮಳಾಗಿದ್ದ ಜೂಲೆಟ್ ಮೈಲ್ಸ್ ಅವರನ್ನು ಫೀ ಹಣ ತೆತ್ತು ಪಡೆದು ಬಿಡುಗಡೆಗೊಳಿಸಿದರು. ಆದರೆ ಆಕೆಯ ಮಕ್ಕಳು ದಾಸ್ಯದಲ್ಲೇ ಉಳಿದರು. 1858ರಲ್ಲಿ ಮಕ್ಕಳು, ಮೊಮ್ಮಕ್ಕಳೊಂದಿಗೆ ಓಹಾಯೊ ನದಿ ದಾಟಲು ಹೊರಟ ಆ ತಾಯಿ ಸೆರೆಸಿಕ್ಕು, ಕಾರಾಗೃಹದಲ್ಲೇ ಕೊನೆಯುಸಿರೆಳೆದರು. ಕಾನೂನು ಬದಲಾಗದೆ, ಒಬ್ಬರನ್ನು ಕೊಂಡು ಬಿಡಿಸಿದರೆ ನ್ಯಾಯ ಸಿಗದೆಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ಅದಕ್ಕೂ ಮೊದಲೇ, ಗುಲಾಮಗಿರಿ ವಿರೋಧಿ ರಾಜಕಾರಣಿ ಕ್ಯಾಸಿಯಸ್ ಕ್ಲೇ ಅವರ ಆಹ್ವಾನದ ಮೇರೆಗೆ ಮ್ಯಾಡಿಸನ್ ಕೌಂಟಿಗೆ ಬಂದಿದ್ದ ಫೀ, ಬೆರಿಯಾ ಗ್ರಾಮವನ್ನು ಕಟ್ಟಿ, 1855ರಲ್ಲಿ ಅಲ್ಲಿ ಶಾಲೆಯೊಂದನ್ನು ಆರಂಭಿಸಿದ್ದರು. ಹಾರ್ಪರ್ಸ್ ಫೆರಿಯಲ್ಲಿ ಜಾನ್ ಬ್ರೌನ್ ನಡೆಸಿದ ದಾಳಿಯಿಂದ ಕಂಗೆಟ್ಟ ಗುಲಾಮರ ಒಡೆಯರು 1859ರ ಡಿಸೆಂಬರ್‌ನಲ್ಲಿ ಸಶಸ್ತ್ರರಾಗಿ ಬಂದು, ಹತ್ತು ದಿನಗಳೊಳಗೆ ರಾಜ್ಯ ತೊರೆಯುವಂತೆ ಬೆರಿಯಾದ ಕಾರ್ಯಕರ್ತರಿಗೆ ತಾಕೀತು ಮಾಡಿದರು. ಆಗ ಪ್ರವಾಸದಲ್ಲಿದ್ದ ಫೀ ಅವರಿಗೂ ಊರು ಎರವಾಯಿತು.

ಅಂತರ್ಯುದ್ಧದ ಕಾಲದಲ್ಲಿ ಅವರು ಕೆಂಟಕಿಯ ಕ್ಯಾಂಪ್ ನೆಲ್ಸನ್ ಸೇನಾ ಶಿಬಿರದಲ್ಲಿ ಕಪ್ಪು ಸೈನಿಕರಿಗೆ ಅಕ್ಷರ ಕಲಿಸಿದರು. 1864ರ ನವೆಂಬರ್ ಚಳಿಯಲ್ಲಿ ಆ ಸೈನಿಕರ ಮಡದಿ ಮಕ್ಕಳು, ಸುಮಾರು 400 ಮಂದಿಯನ್ನು ಸೇನೆಯೇ ಶಿಬಿರದಿಂದ ಹೊರಗಟ್ಟಿತು. ಅವರಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು. ಈ ಕ್ರೌರ್ಯ ದೇಶದ ಗಮನ ಸೆಳೆಯಿತು. 1865ರ ಮಾರ್ಚ್‌ನಲ್ಲಿ ಕಪ್ಪು ಸೈನಿಕರ ಕುಟುಂಬಗಳಿಗೆ ಸ್ವಾತಂತ್ರ್ಯ ನೀಡುವ ಶಾಸನವನ್ನು ಅಮೆರಿಕ ಕಾಂಗ್ರೆಸ್ ಅಂಗೀಕರಿಸಿತು.

1866ರಲ್ಲಿ ಬೆರಿಯಾ ಶಾಲೆಯ ಬಾಗಿಲು ಮತ್ತೆ ತೆರೆಯಿತು. ಆ ಶೈಕ್ಷಣಿಕ ವರ್ಷದಲ್ಲಿ 96 ಕಪ್ಪು, 91 ಬಿಳಿಯ ವಿದ್ಯಾರ್ಥಿಗಳು ಒಂದೇ ಸೂರಿನಡಿ ಕಲಿತರು. ಮುಂದೆ ಶಾಲೆ ಕಾಲೇಜಾಗಿ ಬೆಳೆಯಿತು.

ಫೀ 1901ರಲ್ಲಿ ನಿಧನರಾದರು. ಮೂರೇ ವರ್ಷಗಳಲ್ಲಿ ಕೆಂಟಕಿ ಸರ್ಕಾರ ಕಪ್ಪು ಹಾಗೂ ಬಿಳಿಯರ ಸಹಶಿಕ್ಷಣವನ್ನು ನಿಷೇಧಿಸಿತು. 1908ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನು ಎತ್ತಿಹಿಡಿಯಿತು. ಕಪ್ಪು ವಿದ್ಯಾರ್ಥಿಗಳು ಬೆರಿಯಾಕ್ಕೆ ಮರಳಲು 1950ರವರೆಗೆ ಕಾಯಬೇಕಾಯಿತು.

ಆದರೂ ಫೀ ಬಿತ್ತಿದ್ದು ವ್ಯರ್ಥವಾಗಲಿಲ್ಲ. ನಿಷೇಧಕ್ಕೆ ಒಂದು ವರ್ಷ ಮೊದಲು ಬೆರಿಯಾದಲ್ಲಿ ಪದವಿ ಪಡೆದವರಲ್ಲಿ ಕಲ್ಲಿದ್ದಲು ಗಣಿಯಲ್ಲಿ ದುಡಿದಿದ್ದ ಕಾರ್ಟರ್ ವುಡ್ಸನ್ ಒಬ್ಬರು. ಮುಂದೆ ಅಮೆರಿಕದ ಕಪ್ಪು ಜನರ ಇತಿಹಾಸಕ್ಕೆ ವಿದ್ವತ್ ಲೋಕದಲ್ಲಿ ಸ್ಥಾನ ದೊರಕಿಸಿಕೊಟ್ಟವರು ಅವರೇ.