ಕಡಲನ್ನು ಅಕ್ಷರದಲ್ಲಿ ತೋರಿಸಿದ ರೇಚಲ್ ಕಾರ್ಸನ್



ಈ ಪುಟದಲ್ಲಿ ನಾವು ಸಾಮಾನ್ಯವಾಗಿ ಕನ್ನಡ ನಾಡುನುಡಿಗಾಗಿ ದುಡಿದ ಹಿರಿಯರ ಜೀವನವನ್ನು ಪರಿಚಯಿಸುತ್ತೇವೆ. ಈ ತಿಂಗಳು ಅದಕ್ಕೆ ಹೊರತಾಗಿ ಅಮೆರಿಕದ ಲೇಖಕಿ ರೇಚಲ್ ಕಾರ್ಸನ್ ಅವರನ್ನು ಎತ್ತಿಕೊಂಡಿದ್ದೇವೆ. ಕಡಲ ದಂಡೆಯಲ್ಲೇ ಬದುಕುತ್ತಿರುವ ಕಾಸರಗೋಡಿನ ಕನ್ನಡಿಗರಾದ ನಮಗೆ ಅವರು ಬರೆದ ವಿಷಯ ಹೊರಗಿನದಲ್ಲ. ಅವರ ಕೊನೆಯ ಪುಸ್ತಕದ ವಿಷಯವಂತೂ ನಮ್ಮ ಮನೆಯಂಗಳದಲ್ಲೇ ನಡೆದದ್ದು. ಅದನ್ನು ಕೊನೆಯಲ್ಲಿ ಹೇಳುತ್ತೇವೆ.

ಕಾರ್ಸನ್ ಹುಟ್ಟಿದ್ದು 1907ರ ಮೇ 27ರಂದು, ಪೆನ್ಸಿಲ್ವೇನಿಯಾ ರಾಜ್ಯದ ಸ್ಪ್ರಿಂಗ್‌ಡೇಲ್ ಎಂಬ ಸಣ್ಣ ಊರಿನಲ್ಲಿ. ಊರಿನ ಪಕ್ಕದಲ್ಲಿ ಅಲೆಗೇನಿ ನದಿ ಹರಿಯುತ್ತದೆ. ಕಡಲು ಮಾತ್ರ ನೂರಾರು ಮೈಲಿ ದೂರ. ಮನೆಯಲ್ಲಿ ಬಡತನವಿತ್ತು. ಆದರೆ ತಾಯಿ ಮರಿಯಾ ಓದಿಕೊಂಡವರು. ಮಗಳ ಕೈಹಿಡಿದು ತೋಟ, ಕಾಡು ಸುತ್ತಿಸಿ ಹಕ್ಕಿಗಳ, ಹುಳುಗಳ ಹೆಸರು ಹೇಳಿಕೊಟ್ಟವರು. ಹುಡುಗಿಗೆ ಬರೆಯುವ ಹುಚ್ಚು ಬೇಗನೆ ಹತ್ತಿತು. 11ನೆಯ ವಯಸ್ಸಿನಲ್ಲೇ ಅವಳ ಕಥೆಯೊಂದು ಮಕ್ಕಳ ಪತ್ರಿಕೆಯಲ್ಲಿ ಅಚ್ಚಾಯಿತು. ಕಡಲನ್ನು ಕಂಡಿರದಿದ್ದರೂ ಕಡಲಿನ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತಿದ್ದಳು.

ಪಿಟ್ಸ್‌ಬರ್ಗ್‌ನ ಮಹಿಳಾ ಕಾಲೇಜಿಗೆ ಸೇರಿದಾಗ ಲೇಖಕಿಯಾಗಬೇಕೆಂದು ಇಂಗ್ಲಿಷ್ ಸಾಹಿತ್ಯವನ್ನು ಆರಿಸಿಕೊಂಡರು. ಅಲ್ಲಿ ಮೇರಿ ಸ್ಕಾಟ್ ಸ್ಕಿಂಕರ್ ಎಂಬ ಅಧ್ಯಾಪಕಿಯ ಪಾಠ ಕೇಳಿ ಜೀವಶಾಸ್ತ್ರಕ್ಕೆ ಬದಲಾಯಿಸಿಕೊಂಡರು. ಸಾಹಿತ್ಯವನ್ನು ಬಿಟ್ಟೆನಲ್ಲ ಎಂಬ ಚಿಂತೆ ಆಗ ಅವರಿಗಿತ್ತು. ಆದರೆ ಬರೆಯಲು ಒಂದು ವಿಷಯ ಸಿಕ್ಕಿದ್ದೇ ಆ ಬದಲಾವಣೆಯಿಂದ. 1929ರಲ್ಲಿ ಪದವಿ ಮುಗಿಸಿ, ಆ ಬೇಸಿಗೆಯಲ್ಲಿ ವುಡ್ಸ್ ಹೋಲ್ ಎಂಬಲ್ಲಿನ ಸಮುದ್ರ ಜೀವಶಾಸ್ತ್ರ ಪ್ರಯೋಗಾಲಯಕ್ಕೆ ಹೋದಾಗ ಜೀವನದಲ್ಲಿ ಮೊದಲ ಸಲ ಕಡಲನ್ನು ಕಂಡರು. ಆಗ ಅವರಿಗೆ 22 ವರ್ಷ. 1932ರಲ್ಲಿ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದಿಂದ ಪ್ರಾಣಿಶಾಸ್ತ್ರದಲ್ಲಿ ಎಂ.ಎ. ಪಡೆದರು. ಮುಂದೆ ಡಾಕ್ಟರೇಟ್ ಮಾಡಲು ಹಣವಿರಲಿಲ್ಲ. ಅದು ಅಮೆರಿಕದಲ್ಲಿ ಆರ್ಥಿಕ ಕುಸಿತದ ಕಾಲ. 1935ರಲ್ಲಿ ತಂದೆ ತೀರಿಕೊಂಡರು. ಎರಡು ವರ್ಷದೊಳಗೆ ಅಕ್ಕನೂ ತೀರಿಕೊಂಡು, ಅವರ ಇಬ್ಬರು ಹೆಣ್ಣುಮಕ್ಕಳನ್ನು ಸಾಕುವ ಹೊಣೆ ರೇಚಲ್ ಮತ್ತು ತಾಯಿಯ ಮೇಲೆ ಬಿತ್ತು. ಮನೆ ನಡೆಯಬೇಕಾದರೆ ಸಂಬಳ ಬೇಕು. ಹಾಗಾಗಿ ಸರಕಾರಿ ಕೆಲಸ ಹಿಡಿದರು.

ಜೀವಮಾನವಿಡೀ ಕಚೇರಿಯ ಮೇಜಿನ ಮುಂದೆ ಕುಳಿತ ನಮ್ಮಂಥವರಿಗೆ ಅವರ ಜೀವನದ ಈ ಭಾಗ ಬಹಳ ಹತ್ತಿರದ್ದು. ಮೀನುಗಾರಿಕಾ ಇಲಾಖೆಯಲ್ಲಿ ಅವರಿಗೆ ಮೊದಲು ಸಿಕ್ಕಿದ್ದು ಅರೆಕಾಲಿಕ ಕೆಲಸ: ಕಡಲ ಜೀವಿಗಳ ಬಗ್ಗೆ ರೇಡಿಯೋಗೆ ಏಳು ನಿಮಿಷದ 52 ಭಾಷಣಗಳನ್ನು ಬರೆದುಕೊಡುವುದು. ಮೊದಲು ಬರೆಯುತ್ತಿದ್ದ ವಿಜ್ಞಾನಿಗಳಿಗೆ ಜನರಿಗೆ ಹಿಡಿಸುವಂತೆ ಬರೆಯಲು ಬಂದಿರಲಿಲ್ಲ. 1936ರಲ್ಲಿ ಸರಕಾರಿ ಪರೀಕ್ಷೆ ಬರೆದು ಮೊದಲಿಗರಾಗಿ ತೇರ್ಗಡೆಯಾಗಿ ಖಾಯಂ ಆದರು. ವರದಿ, ಕರಪತ್ರ, ಕಿರುಹೊತ್ತಗೆ, ಇತರರ ಬರಹದ ತಿದ್ದುಪಡಿ, ಇದೇ ದಿನದ ಕೆಲಸ. ಯುದ್ಧದ ಕಾಲದಲ್ಲಿ ಮಾಂಸದ ಕೊರತೆಯಾದಾಗ, ಜನರಿಗೆ ಅಷ್ಟಾಗಿ ಪರಿಚಯವಿಲ್ಲದ ಮೀನುಗಳನ್ನು ತಿನ್ನಬಹುದು ಎಂದು ತಿಳಿಸುವ ಪುಸ್ತಿಕೆಗಳನ್ನೂ ಬರೆದರು. ಹೊಟ್ಟೆಪಾಡಿನ ಆ ಕೆಲಸವನ್ನೂ ಅವರು ಹಗುರವಾಗಿ ಮಾಡಿದವರಲ್ಲ. 1949ರ ಹೊತ್ತಿಗೆ ಇಲಾಖೆಯ ಎಲ್ಲ ಪ್ರಕಟಣೆಗಳ ಮುಖ್ಯ ಸಂಪಾದಕಿಯಾದರು.

ಒಮ್ಮೆ ಮೇಲಧಿಕಾರಿ ಎಲ್ಮರ್ ಹಿಗ್ಗಿನ್ಸ್ ಇಲಾಖೆಯ ಪುಸ್ತಿಕೆಗೆ ಪೀಠಿಕೆ ಬರೆಯಲು ಹೇಳಿದರು. ಕಾರ್ಸನ್ ಬರೆದುಕೊಟ್ಟದ್ದನ್ನು ಓದಿ, ಇದು ಸರಕಾರಿ ಪುಸ್ತಿಕೆಗೆ ತಕ್ಕದ್ದಲ್ಲ, ಒಳ್ಳೆಯ ಸಾಹಿತ್ಯ ಪತ್ರಿಕೆಗೆ ಕಳುಹಿಸಿ ಎಂದು ಹಿಂದಿರುಗಿಸಿದರು. ಇಂಥ ಮೇಲಧಿಕಾರಿ ಸಿಗುವುದು ಪುಣ್ಯವೇ ಸರಿ. ಆ ಲೇಖನ 1937ರಲ್ಲಿ ಅಟ್ಲಾಂಟಿಕ್ ಮಂತ್ಲಿ ಪತ್ರಿಕೆಯಲ್ಲಿ ಬಂತು. ಅದೇ ಬೆಳೆದು 1941ರ ನವೆಂಬರಿನಲ್ಲಿ ಅಂಡರ್ ದ ಸೀ ವಿಂಡ್ ಎಂಬ ಪುಸ್ತಕವಾಯಿತು. ಮರುತಿಂಗಳೇ ಪರ್ಲ್ ಹಾರ್ಬರ್ ಮೇಲೆ ದಾಳಿಯಾಗಿ ಅಮೆರಿಕ ಯುದ್ಧಕ್ಕಿಳಿಯಿತು. ಪುಸ್ತಕವನ್ನು ಕೇಳುವವರಿಲ್ಲ. ಎರಡು ಸಾವಿರ ಪ್ರತಿಗಳೂ ಮಾರಾಟವಾಗಲಿಲ್ಲ.

ಆ ಪುಸ್ತಕದ ರೀತಿಯನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಅದರಲ್ಲಿ ಮನುಷ್ಯರು ಮುಖ್ಯರಲ್ಲ. ಕಡಲ ದಂಡೆಯಲ್ಲಿ ತೆರೆಯ ಹಿಂದೆ ಓಡುವ ಪುಟ್ಟ ಹಕ್ಕಿ, ಒಂದು ಮ್ಯಾಕೆರೆಲ್ ಮೀನು, ಒಂದು ಹಾವುಮೀನು, ಇವುಗಳೇ ಕಥಾನಾಯಕರು. ಮ್ಯಾಕೆರೆಲ್ ಎಂದರೆ ನಮ್ಮ ಬಂಗುಡೆಯ ನೆಂಟ. ಮೊಟ್ಟೆಯಾಗಿ ನೀರಿನಲ್ಲಿ ತೇಲುವಲ್ಲಿಂದ ಹಿಡಿದು, ತನ್ನನ್ನು ತಿನ್ನಲು ಬರುವ ಜೀವಿಗಳಿಂದ ಪಾರಾಗಿ, ಬಲೆಯಿಂದಲೂ ತಪ್ಪಿಸಿಕೊಳ್ಳುವವರೆಗೆ ಆ ಮೀನಿನ ಕಣ್ಣಿನಿಂದಲೇ ಕಡಲನ್ನು ನೋಡುತ್ತೇವೆ. ಸಂಗತಿಗಳೆಲ್ಲ ವಿಜ್ಞಾನಿಗಳು ಕಂಡುಕೊಂಡವು, ಹೇಳುವ ರೀತಿ ಮಾತ್ರ ಕಥೆಗಾರರದು. ಬುಟ್ಟಿಯಲ್ಲಿ ಸತ್ತು ಬಿದ್ದ ಬಂಗುಡೆಯನ್ನಷ್ಟೇ ಕಂಡವರಿಗೆ ಅದಕ್ಕೂ ಒಂದು ಜೀವನವಿತ್ತೆಂದು ಲೆಕ್ಕಪತ್ರದಿಂದ ಹೊಳೆಯುವುದಿಲ್ಲ. ಕಾರ್ಸನ್ ಅವರ ಕಲೆ ಇದ್ದುದು ಅದನ್ನು ಹೊಳೆಯಿಸುವುದರಲ್ಲಿ.

ಹತ್ತು ವರ್ಷ ಕಳೆದು, 1951ರ ಜುಲೈಯಲ್ಲಿ ದ ಸೀ ಅರೌಂಡ್ ಅಸ್ ಹೊರಬಂತು. ಕಡಲು ಹುಟ್ಟಿದ್ದು ಹೇಗೆ, ಅಲೆ, ಉಬ್ಬರವಿಳಿತ, ಪ್ರವಾಹ, ಆಳದ ಕತ್ತಲೆ, ಎಲ್ಲವನ್ನೂ ಅದರಲ್ಲಿ ಬರೆದರು. ಹಗಲು ಕಚೇರಿ, ರಾತ್ರಿ ಬರವಣಿಗೆ. ಹೀಗೆ ಆದ ಪುಸ್ತಕ ಅದು. 86 ವಾರ ಅತಿ ಹೆಚ್ಚು ಮಾರಾಟವಾಗುವ ಪುಸ್ತಕಗಳ ಪಟ್ಟಿಯಲ್ಲಿ ನಿಂತಿತು. 1952ರಲ್ಲಿ ಅಮೆರಿಕದ ನ್ಯಾಷನಲ್ ಬುಕ್ ಅವಾರ್ಡ್ ಬಂತು. ಯುದ್ಧದಲ್ಲಿ ಮುಳುಗಿಹೋಗಿದ್ದ ಮೊದಲ ಪುಸ್ತಕವನ್ನೂ ಜನ ಹುಡುಕಿ ಓದಿದರು. ಫ್ರಾನ್ಸಿನ ಸಂಗೀತಗಾರ ಡೆಬ್ಯುಸಿ ಕಡಲನ್ನು ಕುರಿತು ರಚಿಸಿದ ಕೃತಿಯ ಧ್ವನಿಮುದ್ರಿಕೆಗೆ ಟಿಪ್ಪಣಿ ಬರೆಯಲು ಕಾರ್ಸನ್ ಅವರನ್ನೇ ಕೇಳಿದರು ಎಂದರೆ, ಕಲಾವಿದರೂ ಅವರನ್ನು ತಮ್ಮವರೆಂದು ಒಪ್ಪಿದ್ದರು ಎಂದಾಯಿತು. ಅದೇ ವರ್ಷ ಕೆಲಸಕ್ಕೆ ರಾಜೀನಾಮೆ ಕೊಟ್ಟು ಪೂರ್ಣಕಾಲದ ಲೇಖಕಿಯಾದರು. ಮೇನ್ ರಾಜ್ಯದ ಸೌತ್‌ಪೋರ್ಟ್ ದ್ವೀಪದಲ್ಲಿ ಕಡಲಿಗೆ ಎದುರಾಗಿ ಸಣ್ಣ ಮನೆ ಕಟ್ಟಿಸಿದರು.

1955ರಲ್ಲಿ ಬಂದ ದ ಎಡ್ಜ್ ಆಫ್ ದ ಸೀ ಪುಸ್ತಕಕ್ಕೆ ಚಿತ್ರ ಬರೆದವರು ಹಿಂದೆ ಅದೇ ಇಲಾಖೆಯಲ್ಲಿ ಅವರ ಜೊತೆಗಿದ್ದ ಕಲಾವಿದ ಬಾಬ್ ಹೈನ್ಸ್. ಇಬ್ಬರೂ ಇಳಿತದ ಹೊತ್ತಿನಲ್ಲಿ ಬಂಡೆಗಳ ನಡುವೆ ನಿಂತ ನೀರಿನ ಹೊಂಡಗಳನ್ನು ಹುಡುಕಿಕೊಂಡು ಹೋಗುತ್ತಿದ್ದರು. ಮೇನ್‌ನ ನೀರು ಮಂಜಿನಷ್ಟು ತಣ್ಣಗೆ. ಕಾರ್ಸನ್ ನೋಡುತ್ತ ನೋಡುತ್ತ ಮೈ ಮರಗಟ್ಟುವವರೆಗೆ ನಿಂತುಬಿಟ್ಟು, ಹೈನ್ಸ್ ಅವರನ್ನು ಎತ್ತಿಕೊಂಡು ದಡಕ್ಕೆ ತಂದದ್ದೂ ಉಂಟು. ಏಡಿ, ನಕ್ಷತ್ರಮೀನು, ಬಸವನಹುಳು ಮೊದಲಾದುವನ್ನು ಮನೆಗೆ ತಂದು ಸೂಕ್ಷ್ಮದರ್ಶಕದಲ್ಲಿ ನೋಡಿ ಮುಗಿದ ಮೇಲೆ, ರಾತ್ರಿಯೇ ಆಗಿದ್ದರೂ ಬಕೆಟಿನಲ್ಲಿ ಹೊತ್ತೊಯ್ದು ಕಡಲಿಗೇ ಬಿಡುತ್ತಿದ್ದರು. ಸಂರಕ್ಷಣೆ ಎಂಬ ದೊಡ್ಡ ಮಾತು ಅವರಲ್ಲಿ ಆ ಬಕೆಟಿನಿಂದಲೇ ಆರಂಭವಾಗಿತ್ತು.

ಕಡಲು ಅಷ್ಟು ದೊಡ್ಡದು, ಮನುಷ್ಯನ ಕೈ ಅದರ ಬುಡಕ್ಕೆ ತಲುಪದು ಎಂದೇ ಕಾರ್ಸನ್ ಬಹುಕಾಲ ನಂಬಿದ್ದರು. ಅಣುಬಾಂಬಿನ ಕಾಲ ಬಂದ ಮೇಲೆ ಆ ನಂಬಿಕೆ ಉಳಿಯಲಿಲ್ಲ. ವಿಕಿರಣವುಳ್ಳ ಕಸವನ್ನು ಪೀಪಾಯಿಗಳಲ್ಲಿ ತುಂಬಿ ಕಡಲಿಗೆ ಎಸೆಯುವ ಪದ್ಧತಿ ಆಗ ನಡೆಯುತ್ತಿತ್ತು. 1961ರಲ್ಲಿ ದ ಸೀ ಅರೌಂಡ್ ಅಸ್ ಹೊಸ ಆವೃತ್ತಿಗೆ ಮುನ್ನುಡಿ ಬರೆದಾಗ ಇದರ ಅಪಾಯವನ್ನು ವಿವರಿಸಿದರು. ಎಸೆದದ್ದು ಎಸೆದಲ್ಲೇ ಇರುವುದಿಲ್ಲ, ಪ್ರವಾಹ ಒಯ್ಯುತ್ತದೆ, ಸೂಕ್ಷ್ಮಜೀವಿ ನುಂಗುತ್ತದೆ, ಮೀನು ಅದನ್ನು ತಿನ್ನುತ್ತದೆ, ಕೊನೆಗೆ ಮನುಷ್ಯನ ತಟ್ಟೆಗೇ ಬರುತ್ತದೆ ಎಂಬುದು ಅದರ ಸಾರಾಂಶ.

ಅಷ್ಟರಲ್ಲಿ ಅವರು ಇನ್ನೊಂದು ಪುಸ್ತಕದಲ್ಲಿ ಮುಳುಗಿದ್ದರು. ಡಿ.ಡಿ.ಟಿ.ಯನ್ನು ವಿಮಾನದಿಂದ ಸಿಂಪಡಿಸಿದ ಮೇಲೆ ತಮ್ಮ ಜಾಗದಲ್ಲಿ ಹಕ್ಕಿಗಳು ಸತ್ತವೆಂದು 1958ರಲ್ಲಿ ಪರಿಚಯದ ಮಹಿಳೆಯೊಬ್ಬರು ಪತ್ರ ಬರೆದಿದ್ದರು. ಇತರರಿಂದ ಬರೆಯಿಸಲು ನೋಡಿ ಆಗದೆ ತಾವೇ ಕುಳಿತರು. ನಾಲ್ಕು ವರ್ಷ ಹಿಡಿಯಿತು. ನಡುವೆ ತಾಯಿ ತೀರಿಕೊಂಡರು. ಅಕ್ಕನ ಮಗಳು ಅದಾಗಲೇ ತೀರಿಕೊಂಡು, ಅವಳ ಐದು ವರ್ಷದ ಮಗನನ್ನು ಕಾರ್ಸನ್ ದತ್ತು ತೆಗೆದುಕೊಂಡಿದ್ದರು. 1960ರಲ್ಲಿ ಸ್ತನ ಕ್ಯಾನ್ಸರ್ ಎಂದು ತಿಳಿಯಿತು. ಅದನ್ನು ಹೊರಗೆ ಹೇಳಲಿಲ್ಲ. ಕಾಯಿಲೆಯ ಸಿಟ್ಟಿನಿಂದ ಕೀಟನಾಶಕ ಕಂಪೆನಿಗಳ ಮೇಲೆ ಬರೆದರು ಎಂದು ಯಾರೂ ಹೇಳಬಾರದಲ್ಲ.

ಸೈಲೆಂಟ್ ಸ್ಪ್ರಿಂಗ್, ಅಂದರೆ ಮೌನ ವಸಂತ, 1962ರ ಸೆಪ್ಟೆಂಬರಿನಲ್ಲಿ ಬಂತು. ಅದರಲ್ಲಿನ ಎರಡು ಉದಾಹರಣೆ ಸಾಕು. ಕ್ಯಾಲಿಫೋರ್ನಿಯಾದ ಕ್ಲಿಯರ್ ಲೇಕ್ ಎಂಬ ಸರೋವರದಲ್ಲಿ ನುಸಿ ಕೊಲ್ಲಲು 1949ರಲ್ಲಿ ಏಳು ಕೋಟಿ ಪಾಲು ನೀರಿಗೆ ಒಂದು ಪಾಲು ವಿಷ ಬೆರೆಸಿದರು. ಮುಂದಿನ ವರ್ಷಗಳಲ್ಲಿ ಮತ್ತೆರಡು ಸಲ ಬೆರೆಸಿದರು. ಲೆಕ್ಕದಲ್ಲಿ ಏನೇನೂ ಅಲ್ಲ. ಆದರೆ ಸೂಕ್ಷ್ಮಜೀವಿಯಿಂದ ಮೀನಿಗೆ, ಮೀನಿನಿಂದ ಹಕ್ಕಿಗೆ ಹೋಗುತ್ತ ಹೋಗುತ್ತ ಅದು ಹೆಚ್ಚಿ, ಸತ್ತ ಗ್ರೀಬ್ ಹಕ್ಕಿಗಳ ಕೊಬ್ಬಿನಲ್ಲಿ ಹತ್ತು ಲಕ್ಷಕ್ಕೆ 1600 ಪಾಲು ಸಿಕ್ಕಿತು. ಇನ್ನೊಂದು ಕೆನಡಾದ ಮಿರಾಮಿಷಿ ನದಿಯದು. 1954ರಲ್ಲಿ ಅಲ್ಲಿನ ಕಾಡಿನ ಮೇಲೆ ಡಿ.ಡಿ.ಟಿ. ಸಿಂಪಡಿಸಿದಾಗ, ಕಡಲಿನಿಂದ ಬಂದ ಸಾಲ್ಮನ್ ಮೀನುಗಳ ಮರಿಗಳು ನದಿಯಲ್ಲೇ ಸತ್ತವು. ಕಾಡಿಗೆ ಹೊಡೆದ ಪೆಟ್ಟು ಕಡಲಿಗೂ ಬಿತ್ತು.

ಕಂಪೆನಿಗಳವರು ಸುಮ್ಮನಿರಲಿಲ್ಲ. ಭಾವುಕ ಹೆಂಗಸು, ನಿಜವಾದ ವಿಜ್ಞಾನಿಯಲ್ಲ ಎಂದು ಹೀಯಾಳಿಸಿದರು. ಮದುವೆಯಾಗಿಲ್ಲ ಎಂಬುದನ್ನೂ ಬಿಡಲಿಲ್ಲ. ಕೀಟನಾಶಕವೇ ಬೇಡ ಎಂದು ಅವರು ಹೇಳಿದ್ದಾಗಿ ಹಬ್ಬಿಸಿದರು. ಅವರು ಹೇಳಿದ್ದು ಅದಲ್ಲ. ಗುಣಾವಗುಣ ತಿಳಿಯದೆ, ಜನರಿಗೂ ತಿಳಿಸದೆ ಎಲ್ಲೆಂದರಲ್ಲಿ ಸುರಿಯಬಾರದು ಎಂದಷ್ಟೇ. 1963ರ ಮೇ ತಿಂಗಳಲ್ಲಿ ಅಧ್ಯಕ್ಷ ಕೆನಡಿಯವರ ವಿಜ್ಞಾನ ಸಲಹಾ ಸಮಿತಿಯ ವರದಿ ಅವರ ಮಾತಿಗೆ ಪುಷ್ಟಿ ಕೊಟ್ಟಿತು. ಮರುತಿಂಗಳು, ಕಾಯಿಲೆ ಮೈಗೆಲ್ಲ ಹರಡಿದ್ದರೂ, ಅವರು ಸೆನೆಟ್ ಸಮಿತಿಯ ಮುಂದೆ ಕುಳಿತು ಹೇಳಿಕೆ ಕೊಟ್ಟರು. 1964ರ ಏಪ್ರಿಲ್ 14ರಂದು, 56ನೆಯ ವಯಸ್ಸಿನಲ್ಲಿ ತೀರಿಕೊಂಡರು. ಚಿತಾಭಸ್ಮದ ಒಂದು ಭಾಗವನ್ನು ಗೆಳತಿ ಡೊರೊತಿ ಫ್ರೀಮನ್ ಸೌತ್‌ಪೋರ್ಟ್ ದ್ವೀಪದ ಕಡಲಿಗೆ ಬಿಟ್ಟರು. 1970ರಲ್ಲಿ ಅಮೆರಿಕದಲ್ಲಿ ಪರಿಸರ ಸಂರಕ್ಷಣಾ ಇಲಾಖೆ ಆರಂಭವಾಯಿತು. 1972ರಲ್ಲಿ ಅಲ್ಲಿ ಡಿ.ಡಿ.ಟಿ.ಯ ಬಹುತೇಕ ಬಳಕೆ ನಿಂತಿತು. ಇದೆಲ್ಲವನ್ನು ಕಾಣಲು ಅವರಿರಲಿಲ್ಲ.

ಈಗ ನಮ್ಮ ವಿಷಯಕ್ಕೆ ಬರುತ್ತೇವೆ. ಅವರು ಹೋಗಿ ಹದಿನೈದು ವರ್ಷವೂ ತುಂಬುವ ಮೊದಲೇ, 1970ರ ದಶಕದ ಕೊನೆಯಲ್ಲಿ, ನಮ್ಮ ಗುಡ್ಡಗಳ ಗೇರು ತೋಟದ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯತೊಡಗಿದರು. ಡಿ.ಡಿ.ಟಿ.ಯಂತೆ ಕ್ಲೋರಿನ್ ಸೇರಿದ ವರ್ಗದ್ದೇ ಆ ವಿಷ. 2000ದವರೆಗೂ ಅದು ನಡೆಯಿತು. ಎಣ್ಮಕಜೆಯಂಥ ಪಂಚಾಯತುಗಳಲ್ಲಿ ಹುಟ್ಟಿದ ಮಕ್ಕಳ ಅವಸ್ಥೆಯನ್ನು ಇಲ್ಲಿ ಬರೆಯಬೇಕಾಗಿಲ್ಲ, ನಿಮಗೆಲ್ಲ ಗೊತ್ತು. ಸುಪ್ರೀಂ ಕೋರ್ಟು ದೇಶವಿಡೀ ಅದನ್ನು ತಡೆದದ್ದು 2011ರಲ್ಲಿ. ಅರ್ಜಿ, ಮನವಿ, ವರದಿಗಳು ಕಡತದಲ್ಲಿ ಎಷ್ಟು ವರ್ಷ ಮಲಗುತ್ತವೆಂದು ಕಡತ ಹೊತ್ತವರಾದ ನಮಗೆ ತಿಳಿದಿದೆ. ಆ ಮಕ್ಕಳ ಛಾಯಾಚಿತ್ರಗಳು, ಅಂಬಿಕಾಸುತನ್ ಮಾಂಙಾಡ್ ಅವರ ಎನ್ಮಕಜೆ ಎಂಬ ಮಲಯಾಳ ಕಾದಂಬರಿ, ಇವು ದೂರದೂರಿನವರ ಮನೆಯೊಳಗೂ ಈ ಸಂಕಟವನ್ನು ತಲುಪಿಸಿದವು. ಕಲೆ ವಿಷವನ್ನು ತೊಳೆಯುವುದಿಲ್ಲ. ಆದರೆ ಕಾಣದ ಹಾಗೆ ಹೋಗುವವರನ್ನು ನಿಲ್ಲಿಸಿ ನೋಡುವಂತೆ ಮಾಡುತ್ತದೆ.

ಗುಡ್ಡದಲ್ಲಿ ಬಿದ್ದ ಮಳೆ ಶಿರಿಯ, ಮೊಗ್ರಾಲ್, ಚಂದ್ರಗಿರಿ ಹೊಳೆಗಳಲ್ಲಿ ಹರಿದು ಅರಬ್ಬೀ ಸಮುದ್ರವನ್ನೇ ಸೇರುತ್ತದೆ. ತೋಟಕ್ಕೆ ಹಾಕಿದ್ದೂ ಪೇಟೆಯಲ್ಲಿ ಎಸೆದ ಪ್ಲಾಸ್ಟಿಕ್ಕೂ ಅದರ ಜೊತೆಗೇ ಹೋಗುತ್ತದೆ. ನೀಲೇಶ್ವರದ ತೈಕಡಪ್ಪುರದಲ್ಲಿ ಮೊಟ್ಟೆಯಿಡಲು ಬರುವ ಕಡಲಾಮೆಗಳನ್ನು ಊರಿನವರೇ ಕಾಯುತ್ತಾರೆ. ನೋಡಿ ಬಲ್ಲವರು ಕಾಯುತ್ತಾರೆ, ನೋಡದವರಿಗೆ ಅದು ಬರೀ ಮರಳು.

ಈ ವರ್ಷದ ಮಕ್ಕಳ ಚಿತ್ರಕಲಾ ಸ್ಪರ್ಧೆಗೆ ಸಮಿತಿ ಕಡಲು ಎಂಬ ವಿಷಯವನ್ನು ನಿಶ್ಚಯಿಸಿದೆ. ಪೋಷಕರಲ್ಲಿ ನಮ್ಮದೊಂದೇ ವಿನಂತಿ: ಮಕ್ಕಳಿಗೆ ಮೊಬೈಲಿನಲ್ಲಿನ ಚಿತ್ರವನ್ನು ನಕಲು ಮಾಡಿಸಬೇಡಿ. ಇಳಿತದ ಹೊತ್ತಿಗೆ ಒಮ್ಮೆ ದಂಡೆಗೆ ಕರೆದುಕೊಂಡು ಹೋಗಿ. ಒಂದು ಏಡಿಯನ್ನೋ ಚಿಪ್ಪನ್ನೋ ಹಕ್ಕಿಯನ್ನೋ ಹತ್ತು ನಿಮಿಷ ನೋಡಲು ಬಿಡಿ, ಆಮೇಲೆ ಬರೆಯಲಿ. ಜೀವವಿರುವುದನ್ನು ಹಿಡಿದರೆ ಹಿಡಿದಲ್ಲೇ ಬಿಡಿಸಿ. ಚಿತ್ರ ಸೊಟ್ಟಗಾದರೂ ಅಡ್ಡಿಯಿಲ್ಲ.

ಸಿರಿಗನ್ನಡಂ ಗೆಲ್ಗೆ.

ಕಾರ್ಯದರ್ಶಿ