ಫ್ಲಾರೆನ್ಸ್ ನೈಟಿಂಗೇಲ್

ಫ್ಲಾರೆನ್ಸ್ ನೈಟಿಂಗೇಲ್ (ಮೇ 12, 1820 – ಆಗಸ್ಟ್ 13, 1910) ಇಂಗ್ಲೆಂಡಿನ ಶುಶ್ರೂಷಕಿ, ಸಂಖ್ಯಾಶಾಸ್ತ್ರಜ್ಞೆ ಹಾಗೂ ಸಾರ್ವಜನಿಕ ಆರೋಗ್ಯ ಸುಧಾರಕಿ. ಕ್ರಿಮಿಯಾ ಯುದ್ಧದ ಕಾಲದಲ್ಲಿ ಗಾಯಾಳು ಸೈನಿಕರಿಗೆ ಸಲ್ಲಿಸಿದ ಸೇವೆಯಿಂದ ಇವರು 'ದೀಪಧಾರಿಣಿ' ಎಂದು ಪ್ರಸಿದ್ಧರಾದರು. 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಇವರ ಹೆಸರಿನ ನಿಧಿಯಿಂದ ಆರಂಭವಾದ ತರಬೇತಿ ಶಾಲೆಯು ಶುಶ್ರೂಷೆಯನ್ನು ಕಲಿತು ಮಾಡಬೇಕಾದ ಗೌರವದ ವೃತ್ತಿಯನ್ನಾಗಿ ರೂಪಿಸಿತು. ಅರ್ಜಿ, ನಡತೆಯ ಪ್ರಮಾಣಪತ್ರ, ವಾರ್ಡಿನ ಕೆಲಸ, ಉಪನ್ಯಾಸ, ದಿನಚರಿ ಮತ್ತು ಮಾಸಿಕ ಮೌಲ್ಯಮಾಪನಗಳನ್ನು ಒಳಗೊಂಡ ಆ ಶಾಲೆಯ ಕ್ರಮವು ಮುಂದೆ ಹಲವು ದೇಶಗಳ ಶುಶ್ರೂಷಾ ಶಿಕ್ಷಣಕ್ಕೆ ಮಾದರಿಯಾಯಿತು.

ಜನನ ಮತ್ತು ವಿದ್ಯಾಭ್ಯಾಸ

ನೈಟಿಂಗೇಲ್ ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಜನಿಸಿದರು. ಹುಟ್ಟಿದ ಊರಿನ ಹೆಸರನ್ನೇ ಅವರಿಗೆ ಇಡಲಾಯಿತು. ತಂದೆ ವಿಲಿಯಂ ಎಡ್ವರ್ಡ್ ನೈಟಿಂಗೇಲ್, ತಾಯಿ ಫ್ರಾನ್ಸಿಸ್. ಅಕ್ಕ ಪಾರ್ಥೆನೋಪಿ ಒಂದು ವರ್ಷ ಹಿರಿಯಳು. ಕುಟುಂಬ ಬಹಳ ಶ್ರೀಮಂತವಾಗಿದ್ದು, ಡರ್ಬಿಶೈರಿನ ಲೀ ಹರ್ಸ್ಟ್ ಮತ್ತು ಹ್ಯಾಂಪ್‌ಶೈರಿನ ಎಂಬ್ಲಿ ಪಾರ್ಕ್ ಎಂಬ ಎರಡು ದೊಡ್ಡ ಮನೆಗಳನ್ನು ಹೊಂದಿತ್ತು.

ಹೆಣ್ಣುಮಕ್ಕಳಿಗೆ ವಿಶ್ವವಿದ್ಯಾಲಯದ ಬಾಗಿಲು ತೆರೆಯದಿದ್ದ ಆ ಕಾಲದಲ್ಲಿ ತಂದೆಯೇ ಮನೆಯಲ್ಲಿ ಮಕ್ಕಳಿಗೆ ಗ್ರೀಕ್, ಲ್ಯಾಟಿನ್, ಫ್ರೆಂಚ್, ಜರ್ಮನ್, ಇಟಾಲಿಯನ್ ಭಾಷೆಗಳನ್ನೂ ಇತಿಹಾಸ ಹಾಗೂ ತತ್ತ್ವಶಾಸ್ತ್ರಗಳನ್ನೂ ಬೋಧಿಸಿದರು. ಫ್ಲಾರೆನ್ಸ್‌ಗೆ ಗಣಿತದಲ್ಲಿ ವಿಶೇಷ ಆಸಕ್ತಿಯಿತ್ತು. 1837ರ ಫೆಬ್ರವರಿಯಲ್ಲಿ, 16ನೆಯ ವಯಸ್ಸಿನಲ್ಲಿ, ದೇವರು ತಮ್ಮನ್ನು ಸೇವೆಗೆ ಕರೆದಿದ್ದಾನೆಂಬ ಅನುಭವ ತಮಗಾಯಿತೆಂದು ಅವರು ಬರೆದಿಟ್ಟಿದ್ದಾರೆ. ಆದರೆ ಆ ಸೇವೆ ಯಾವುದೆಂಬುದು ಅವರಿಗೆ ಸ್ಪಷ್ಟವಾಗಲು ಹಲವು ವರ್ಷಗಳು ಹಿಡಿದವು.

ತರಬೇತಿಗಾಗಿ ಹೋರಾಟ

1845ರಲ್ಲಿ ನೈಟಿಂಗೇಲ್ ಮನೆಗೆ ಸಮೀಪದ ಸಾಲ್ಸ್‌ಬರಿ ಆಸ್ಪತ್ರೆಯಲ್ಲಿ ಕೆಲವು ತಿಂಗಳು ಶುಶ್ರೂಷೆ ಕಲಿಯಲು ಬಯಸಿದರು. ಅಲ್ಲಿನ ಹಿರಿಯ ವೈದ್ಯ ಫೌಲರ್ ಕುಟುಂಬದ ಸ್ನೇಹಿತರೇ ಆಗಿದ್ದರು. ಆದರೆ ಮನೆಯಲ್ಲಿ ತೀವ್ರ ವಿರೋಧ ವ್ಯಕ್ತವಾಯಿತು. ಅಂದಿನ ಆಸ್ಪತ್ರೆಗಳು ಕೊಳಕಿನ ತಾಣಗಳಾಗಿದ್ದವು. ದಾದಿಯರೆಂದರೆ ಓದುಬರಹ ಬಾರದವರು, ಕುಡಿತದ ಚಟವುಳ್ಳವರು ಎಂಬ ಭಾವನೆ ಸಮಾಜದಲ್ಲಿ ಬೇರೂರಿತ್ತು. ಒಳ್ಳೆಯ ಮನೆತನದ ಹೆಣ್ಣುಮಗಳು ಅಲ್ಲಿಗೆ ಹೋಗುವುದು ಕುಟುಂಬದ ಮರ್ಯಾದೆಯ ಪ್ರಶ್ನೆಯಾಯಿತು. ನೈಟಿಂಗೇಲರ ಪ್ರಯತ್ನ ಅಲ್ಲಿಗೇ ನಿಂತಿತು.

ಬಹಿರಂಗವಾಗಿ ಕಲಿಯಲಾಗದ್ದನ್ನು ಅವರು ಗುಟ್ಟಾಗಿ ಕಲಿಯತೊಡಗಿದರು. ನಸುಕಿಗೆ ಮುಂಚೆ ಎದ್ದು, ದೀಪದ ಬೆಳಕಿನಲ್ಲಿ ಆಸ್ಪತ್ರೆಗಳ ಹಾಗೂ ಸಾರ್ವಜನಿಕ ಆರೋಗ್ಯದ ಸರ್ಕಾರಿ ವರದಿಗಳನ್ನು ಓದಿ ಟಿಪ್ಪಣಿ ಮಾಡಿಕೊಂಡರು. ಬೆಳಗಿನ ಉಪಾಹಾರದ ವೇಳೆಗೆ ಮತ್ತೆ ಮನೆಯ ಮಗಳಾಗಿ ಕೆಳಗಿಳಿದು ಬರುತ್ತಿದ್ದರು. 1849ರಲ್ಲಿ ಕವಿ ಹಾಗೂ ರಾಜಕಾರಣಿ ರಿಚರ್ಡ್ ಮಂಕ್‌ಟನ್ ಮಿಲ್ನ್ಸ್ ಅವರ ವಿವಾಹ ಪ್ರಸ್ತಾಪವನ್ನು ನಿರಾಕರಿಸಿದರು. ಸಾಲ್ಸ್‌ಬರಿಯ ನಿರಾಕರಣೆಯಿಂದ ಮೊದಲ ನಿಜವಾದ ತರಬೇತಿಯವರೆಗೆ ಸುಮಾರು 6 ವರ್ಷಗಳು ಕಳೆದವು.

ಕೈಸರ್ಸ್‌ವರ್ತ್‌ನಲ್ಲಿ ವಿದ್ಯಾರ್ಥಿನಿ

ಜರ್ಮನಿಯ ರೈನ್ ನದಿಯ ದಡದಲ್ಲಿರುವ ಕೈಸರ್ಸ್‌ವರ್ತ್‌ನಲ್ಲಿ ಪಾದ್ರಿ ಥಿಯೋಡೋರ್ ಫ್ಲೀಡ್ನರ್ 1836ರಲ್ಲಿ ಸೇವಾಸೋದರಿಯರ ಸಂಸ್ಥೆಯೊಂದನ್ನು ಸ್ಥಾಪಿಸಿದ್ದರು. ಆಸ್ಪತ್ರೆ, ಅನಾಥಾಲಯ ಮತ್ತು ಶಾಲೆಗಳನ್ನು ಒಳಗೊಂಡ ಈ ಸಂಸ್ಥೆ ಧಾರ್ಮಿಕ ಸ್ವರೂಪದ್ದಾಗಿದ್ದುದರಿಂದ ಮನೆಯವರ ಆಕ್ಷೇಪ ಸ್ವಲ್ಪ ಸಡಿಲವಾಯಿತು. 1850ರಲ್ಲಿ ಈಜಿಪ್ಟ್ ಮತ್ತು ಗ್ರೀಸ್ ಪ್ರವಾಸದಿಂದ ಮರಳುವಾಗ ನೈಟಿಂಗೇಲ್ ಅಲ್ಲಿ ಎರಡು ವಾರ ತಂಗಿದರು. ಮರುವರ್ಷ ಈ ಸಂಸ್ಥೆಯ ಬಗ್ಗೆ ಅವರು ಬರೆದ ಕಿರುಹೊತ್ತಗೆ ಲೇಖಕಿಯ ಹೆಸರಿಲ್ಲದೆ ಪ್ರಕಟವಾಯಿತು.

1851ರ ಜುಲೈಯಲ್ಲಿ ತರಬೇತಿಗೆ ಸೇರಿ ಸುಮಾರು ಮೂರು ತಿಂಗಳು ಅಲ್ಲಿದ್ದರು. ಆಗ ಅವರ ವಯಸ್ಸು 31. ತಾಯಿ ಮತ್ತು ಅಕ್ಕ ಅದೇ ಸಮಯದಲ್ಲಿ ಕಾರ್ಲ್ಸ್‌ಬಾದ್ ಎಂಬ ಆರೋಗ್ಯಧಾಮದಲ್ಲಿದ್ದರು. ಮಗಳು ಎಲ್ಲಿದ್ದಾಳೆಂಬುದು ಹೊರಗಿನವರಿಗೆ ತಿಳಿಯಬಾರದೆಂಬುದು ಕುಟುಂಬದ ಇಚ್ಛೆಯಾಗಿತ್ತು.

ಅಲ್ಲಿನ ದಿನಚರಿ ಕಠಿಣವಾಗಿತ್ತು. ಬೆಳಗ್ಗೆ 5 ಗಂಟೆಗೆ ಏಳಬೇಕಾಗಿತ್ತು. 6 ಗಂಟೆಗೆ ರೈ ಧಾನ್ಯದ ಪಾನೀಯ ಮತ್ತು ಬ್ರೆಡ್, 11 ಗಂಟೆಗೆ ರೋಗಿಗಳ ಊಟ, 12 ಗಂಟೆಗೆ ಸೋದರಿಯರಿಗೆ ಗಂಜಿಯಂಥ ಸಾರು ಮತ್ತು ತರಕಾರಿ, ಮಧ್ಯಾಹ್ನ ಮತ್ತೆ ರೈ ಪಾನೀಯ, ಸಂಜೆ 7ಕ್ಕೆ ಸಾರು. ಒಂದೊಂದು ಊಟಕ್ಕೂ ಸುಮಾರು 10 ನಿಮಿಷ ಮಾತ್ರ ಸಿಗುತ್ತಿತ್ತು. ವಾರದಲ್ಲಿ ಕೆಲವು ಸಂಜೆ ಬೈಬಲ್ ಪಾಠವಿರುತ್ತಿತ್ತು. ತಮ್ಮ ಬಟ್ಟೆಗಳನ್ನು ಒಗೆಯಲು ಕಳುಹಿಸುವಷ್ಟು ಬಿಡುವೂ ಸಿಗುತ್ತಿಲ್ಲವೆಂದು ಅವರು ತಾಯಿಗೆ ತಿಳಿಸಿದ್ದರು. ಅದೇ ಪತ್ರದಲ್ಲಿ ತಮ್ಮ ದೇಹ ಮತ್ತು ಮನಸ್ಸು ಚೆನ್ನಾಗಿವೆಯೆಂದೂ ಬದುಕು ಈಗ ಅರ್ಥಪೂರ್ಣವಾಗಿದೆಯೆಂದೂ ಹೇಳಿಕೊಂಡರು. ಅಲ್ಲಿನ ಶುಶ್ರೂಷೆಯ ಮಟ್ಟ ಹಾಗೂ ನೈರ್ಮಲ್ಯ ತೃಪ್ತಿಕರವಾಗಿರಲಿಲ್ಲವೆಂದು ಅವರು ಮುಂದೆ ಅಭಿಪ್ರಾಯಪಟ್ಟರು. ಸೋದರಿಯರ ನಿಷ್ಠೆಯನ್ನು ಮಾತ್ರ ಎಂದೂ ಮರೆಯಲಿಲ್ಲ.

1853ರ ಆಗಸ್ಟ್‌ನಲ್ಲಿ ಲಂಡನ್ನಿನ ಅಪ್ಪರ್ ಹಾರ್ಲಿ ಬೀದಿಯಲ್ಲಿದ್ದ, ಅಸ್ವಸ್ಥ ಗೃಹಸ್ಥ ಮಹಿಳೆಯರ ಆರೈಕೆ ಸಂಸ್ಥೆಯ ಮೇಲ್ವಿಚಾರಕಿಯಾದರು. ಈ ಹುದ್ದೆಗೆ ಸಂಬಳವಿರಲಿಲ್ಲ. ತಂದೆ ವರ್ಷಕ್ಕೆ 500 ಪೌಂಡ್ ಭತ್ಯೆ ನೀಡಲು ಒಪ್ಪಿದ್ದರಿಂದ ಸ್ವತಂತ್ರ ಜೀವನ ಸಾಧ್ಯವಾಯಿತು. ಪ್ರತಿ ಮಹಡಿಗೂ ಬಿಸಿನೀರಿನ ಕೊಳವೆ, ಊಟವನ್ನು ಮೇಲಕ್ಕೆತ್ತುವ ಯಂತ್ರ, ರೋಗಿಗಳು ದಾದಿಯನ್ನು ಕರೆಯಲು ಗಂಟೆ – ಇವು ಅಲ್ಲಿ ಅವರು ಬಯಸಿದ ಸೌಕರ್ಯಗಳು. ದಾದಿಯ ಶ್ರಮ ಮೆಟ್ಟಿಲು ಹತ್ತಿ ಇಳಿಯುವುದರಲ್ಲಿ ವ್ಯರ್ಥವಾಗದೆ ರೋಗಿಯ ಬಳಿ ವಿನಿಯೋಗವಾಗಬೇಕೆಂಬುದು ಅವರ ಉದ್ದೇಶವಾಗಿತ್ತು.

ಕ್ರಿಮಿಯಾ ಯುದ್ಧ

1854ರಲ್ಲಿ ಕ್ರಿಮಿಯಾ ಯುದ್ಧದ ಗಾಯಾಳುಗಳ ದುಃಸ್ಥಿತಿಯ ವರದಿಗಳು ಪತ್ರಿಕೆಗಳಲ್ಲಿ ಬಂದಾಗ, ಯುದ್ಧ ಕಾರ್ಯದರ್ಶಿ ಸಿಡ್ನಿ ಹರ್ಬರ್ಟ್ ದಾದಿಯರ ತಂಡವೊಂದನ್ನು ಕರೆದೊಯ್ಯುವಂತೆ ನೈಟಿಂಗೇಲರನ್ನು ಕೋರಿದರು. ಹರ್ಬರ್ಟ್ ಅವರ ಮನೆಯಲ್ಲಿಯೇ ಅಭ್ಯರ್ಥಿಗಳ ಸಂದರ್ಶನ ನಡೆಯಿತು. ತರಬೇತಿ ಪಡೆದವರು ಸಿಗುವುದೇ ಕಷ್ಟವಾಗಿತ್ತು. ಅಂತಿಮವಾಗಿ ಆಯ್ಕೆಯಾದ 38 ಮಂದಿಯಲ್ಲಿ 24 ಮಂದಿ ಧಾರ್ಮಿಕ ಸಂಸ್ಥೆಗಳಿಗೆ ಸೇರಿದವರಾಗಿದ್ದು, 14 ಮಂದಿ ಆಸ್ಪತ್ರೆಯ ದಾದಿಯರಾಗಿದ್ದರು. ಜಮೈಕಾದ ಮೇರಿ ಸೀಕೋಲ್ ಕೂಡ ಸೇವೆಗೆ ಸೇರಲು ಯತ್ನಿಸಿ ಅಧಿಕಾರಿಗಳಿಂದ ನಿರಾಕರಣೆಗೆ ಒಳಗಾದರು. ಅವರು ಸ್ವಂತ ಖರ್ಚಿನಲ್ಲಿ ಕ್ರಿಮಿಯಾಕ್ಕೆ ಹೋಗಿ ಸೈನಿಕರನ್ನು ಉಪಚರಿಸಿದರು.

ನೈಟಿಂಗೇಲ್ 1854ರ ನವೆಂಬರ್ ಆರಂಭದಲ್ಲಿ ಸ್ಕುಟಾರಿಯ ಸೇನಾ ಆಸ್ಪತ್ರೆಯನ್ನು ತಲುಪಿದರು. 1855ರ ಫೆಬ್ರವರಿಯಲ್ಲಿ ಅಲ್ಲಿ ದಾಖಲಾದವರಲ್ಲಿ ಮರಣದ ಪ್ರಮಾಣ ಶೇಕಡಾ 42ಕ್ಕೆ ಏರಿತ್ತು. ಮಾರ್ಚ್‌ನಲ್ಲಿ ಬಂದ ನೈರ್ಮಲ್ಯ ಆಯೋಗವು ಚರಂಡಿ, ಗಾಳಿ ಹಾಗೂ ನೀರಿನ ವ್ಯವಸ್ಥೆಯನ್ನು ಸರಿಪಡಿಸಿದ ಮೇಲೆ ಅದು ತೀವ್ರವಾಗಿ ಇಳಿಯಿತು. ಬಹುಪಾಲು ಸಾವುಗಳಿಗೆ ಕಾರಣ ಗಾಯಗಳಲ್ಲ, ತಡೆಯಬಹುದಾದ ರೋಗಗಳು ಎಂಬ ಸತ್ಯವನ್ನು ನೈಟಿಂಗೇಲ್ ಮುಂದೆ ಅಂಕಿಅಂಶಗಳಿಂದಲೂ ವರ್ತುಲಾಕಾರದ ಚಿತ್ರಗಳಿಂದಲೂ ನಿರೂಪಿಸಿದರು. 1858ರಲ್ಲಿ ಸಂಖ್ಯಾಶಾಸ್ತ್ರ ಸೊಸೈಟಿಯು ಅವರನ್ನು ತನ್ನ ಮೊದಲ ಮಹಿಳಾ ಸದಸ್ಯರನ್ನಾಗಿ ಆಯ್ಕೆ ಮಾಡಿತು. 1855ರಲ್ಲಿ ತಗುಲಿದ ತೀವ್ರ ಜ್ವರ ಅವರ ಆರೋಗ್ಯವನ್ನು ಶಾಶ್ವತವಾಗಿ ಕುಂದಿಸಿತು. ಮುಂದಿನ ಬಹುತೇಕ ಕೆಲಸವನ್ನು ಅವರು ಹಾಸಿಗೆಯಿಂದಲೇ ಮಾಡಿದರು.

ನೈಟಿಂಗೇಲ್ ತರಬೇತಿ ಶಾಲೆ

1855ರ ನವೆಂಬರ್‌ನಲ್ಲಿ ಸಾರ್ವಜನಿಕರು ಆರಂಭಿಸಿದ ನೈಟಿಂಗೇಲ್ ನಿಧಿಗೆ 44,000 ಪೌಂಡಿಗೂ ಹೆಚ್ಚು ಹಣ ಸಂಗ್ರಹವಾಯಿತು. ಈ ಹಣದಿಂದ 1860ರಲ್ಲಿ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ 15 ವಿದ್ಯಾರ್ಥಿನಿಯರೊಂದಿಗೆ ಶಾಲೆ ಆರಂಭವಾಯಿತು. ಆಸ್ಪತ್ರೆಯ ಮೇಟ್ರನ್ ಸಾರಾ ವಾರ್ಡ್ರೋಪರ್ ಅದರ ಮುಖ್ಯಸ್ಥೆಯಾದರು.

ಪ್ರವೇಶಕ್ಕೆ ಪತ್ರಿಕೆಗಳಲ್ಲಿ ಅರ್ಜಿ ಆಹ್ವಾನಿಸಲಾಯಿತು. ಅಭ್ಯರ್ಥಿಯ ವಯಸ್ಸು 25ರಿಂದ 35ರೊಳಗೆ ಇರಬೇಕಾಗಿತ್ತು. ಉತ್ತಮ ನಡತೆಯ ಪ್ರಮಾಣಪತ್ರ ಕಡ್ಡಾಯವಾಗಿತ್ತು. ತರಬೇತಿಯ ಅವಧಿ ಒಂದು ವರ್ಷ. ಊಟ, ವಸತಿ, ಸಮವಸ್ತ್ರ ಮತ್ತು ಬಟ್ಟೆ ಒಗೆಯುವ ವೆಚ್ಚವನ್ನು ನಿಧಿಯೇ ಭರಿಸಿ, ವರ್ಷಕ್ಕೆ 10 ಪೌಂಡ್ ವೇತನವನ್ನೂ ಕೊಡುತ್ತಿತ್ತು. ಇದರಿಂದ ಬಡ ಕುಟುಂಬದ ಮಹಿಳೆಯರಿಗೂ ಕಲಿಯುವ ಅವಕಾಶ ದೊರೆಯಿತು. ಪ್ರತಿಯೊಬ್ಬರಿಗೂ ಪ್ರತ್ಯೇಕ ಮಲಗುವ ಕೋಣೆಯಿತ್ತು. ವಿದ್ಯಾರ್ಥಿನಿಯರು ಒಬ್ಬೊಬ್ಬರಾಗಿ ಹೊರಗೆ ಹೋಗುವಂತಿರಲಿಲ್ಲ.

ವಿದ್ಯಾರ್ಥಿನಿಯರು ವಾರ್ಡಿನ ಸೋದರಿಯರ ಕೈಕೆಳಗೆ ಕೆಲಸ ಮಾಡುತ್ತ ಕಲಿಯಬೇಕಾಗಿತ್ತು. ವೈದ್ಯರ ಉಪನ್ಯಾಸಗಳನ್ನು ಕೇಳಿ ಟಿಪ್ಪಣಿ ಬರೆಯಬೇಕಾಗಿತ್ತು. ವಾರ್ಡಿನ ಅನುಭವಗಳ ದಿನಚರಿಯನ್ನು ಇಡಬೇಕಾಗಿತ್ತು. ಮೇಟ್ರನ್ ಪ್ರತಿ ವಿದ್ಯಾರ್ಥಿನಿಯ ಮಾಸಿಕ ದಾಖಲೆಯನ್ನು ನಡತೆ ಮತ್ತು ಕೌಶಲ ಎಂಬ ಎರಡು ವಿಭಾಗಗಳಲ್ಲಿ ತುಂಬುತ್ತಿದ್ದರು. ಸಮಯಪಾಲನೆ, ವಿಶ್ವಾಸಾರ್ಹತೆ, ಶುಚಿತ್ವ ಮೊದಲಾದವು ಮೊದಲ ವಿಭಾಗದಲ್ಲಿಯೂ, ಗಾಯಕ್ಕೆ ಪಟ್ಟಿ ಕಟ್ಟುವುದು, ಹಾಸಿಗೆ ಸಿದ್ಧಪಡಿಸುವುದು, ರೋಗಿಯನ್ನು ಗಮನಿಸುವುದು ಮೊದಲಾದವು ಎರಡನೆಯದರಲ್ಲಿಯೂ ಇದ್ದವು.

ಕೆಲಸದ ಹೊರೆ ಮತ್ತು ಸುಧಾರಣೆ

ಕಾಗದದ ಮೇಲೆ ಉತ್ತಮವಾಗಿದ್ದ ಈ ಯೋಜನೆ ಆಚರಣೆಯಲ್ಲಿ ಎಡವಿತು. 1872ರ ವೇಳೆಗೆ ನೈಟಿಂಗೇಲ್ ಶಾಲೆಯ ಸ್ಥಿತಿಯನ್ನು ಸ್ವತಃ ಪರಿಶೀಲಿಸಿದಾಗ ಲೋಪಗಳು ಬೆಳಕಿಗೆ ಬಂದವು. ನಿವಾಸಿ ವೈದ್ಯಾಧಿಕಾರಿ ವಿಟ್‌ಫೀಲ್ಡ್ ಅವರ ಬೋಧನೆ ಬಹಳ ಕಾಲದಿಂದ ಕ್ರಮಬದ್ಧವಾಗಿ ನಡೆಯುತ್ತಿರಲಿಲ್ಲ. ವಿದ್ಯಾರ್ಥಿನಿಯರನ್ನು ಆಸ್ಪತ್ರೆಯು ಕಲಿಯುವವರೆಂದು ಕಾಣದೆ ಕಡಿಮೆ ಖರ್ಚಿನ ಕೆಲಸಗಾರರೆಂದು ಬಳಸಿಕೊಳ್ಳುತ್ತಿತ್ತು. ವಾರ್ಡಿನ ದುಡಿಮೆಯಿಂದ ದಣಿದವರಿಗೆ ಓದಲು, ಟಿಪ್ಪಣಿ ಬರೆಯಲು ಸಮಯವೇ ಉಳಿಯುತ್ತಿರಲಿಲ್ಲ.

ವಿಟ್‌ಫೀಲ್ಡ್ ಹುದ್ದೆಯನ್ನು ಬಿಟ್ಟರು. ಶಸ್ತ್ರವೈದ್ಯ ಜಾನ್ ಕ್ರಾಫ್ಟ್ ಅವರ ಕ್ರಮಬದ್ಧ ಉಪನ್ಯಾಸಗಳು ಆರಂಭವಾದವು. ವಸತಿಗೃಹದಲ್ಲಿ ವಿದ್ಯಾರ್ಥಿನಿಯರ ಆರೋಗ್ಯ, ಓದು ಮತ್ತು ನಡತೆಯನ್ನು ನೋಡಿಕೊಳ್ಳಲು 'ಗೃಹ ಸೋದರಿ' ಎಂಬ ಹೊಸ ಹುದ್ದೆ ಸೃಷ್ಟಿಯಾಯಿತು. ನೈಟಿಂಗೇಲ್ ವಿದ್ಯಾರ್ಥಿನಿಯರನ್ನು ತಮ್ಮ ಮನೆಗೆ ಕರೆಸಿ ಮಾತನಾಡಿಸಿದರು, ಅವರ ದಿನಚರಿಗಳನ್ನು ಓದಿದರು. ಅದೇ ವರ್ಷದಿಂದ ಅವರಿಗೆ ಪತ್ರರೂಪದ ಸಂದೇಶಗಳನ್ನು ಬರೆಯಲಾರಂಭಿಸಿದರು. ವಿದ್ಯಾರ್ಥಿನಿ ಮೊದಲು ಕಲಿಯುವವಳು, ಅನಂತರ ದುಡಿಯುವವಳು ಎಂಬುದು ಈ ಸುಧಾರಣೆಗಳ ತಿರುಳು. ಶುಶ್ರೂಷಾ ಶಿಕ್ಷಣದಲ್ಲಿ ಸೇವೆ ಮತ್ತು ಅಧ್ಯಯನದ ನಡುವಣ ಈ ಸೆಳೆತ ಇಂದಿಗೂ ಪೂರ್ಣವಾಗಿ ಬಗೆಹರಿದಿಲ್ಲ.

ಸೋಲುಗಳೂ ಇದ್ದವು. ಕಿಂಗ್ಸ್ ಕಾಲೇಜು ಆಸ್ಪತ್ರೆಯಲ್ಲಿ ನಿಧಿಯ ನೆರವಿನಿಂದ ಆರಂಭವಾದ ಸೂಲಗಿತ್ತಿ ತರಬೇತಿಯನ್ನು ಬಾಣಂತಿ ಜ್ವರದ ಸಾವುಗಳ ಕಾರಣ 1867ರಲ್ಲಿ ಮುಚ್ಚಬೇಕಾಯಿತು. ನೈಟಿಂಗೇಲ್ ಈ ಸಾವುಗಳ ಅಂಕಿಅಂಶಗಳನ್ನು ಸಂಗ್ರಹಿಸಿ 1871ರಲ್ಲಿ ಪುಸ್ತಕವನ್ನು ಪ್ರಕಟಿಸಿದರು.

ಶಾಲೆಯ ವಿದ್ಯಾರ್ಥಿನಿಯರು

ಆಗ್ನೆಸ್ ಜೋನ್ಸ್ 1865ರಲ್ಲಿ ಲಿವರ್‌ಪೂಲಿನ ಬಡವರ ಆಸ್ಪತ್ರೆಯ ಹೊಣೆ ವಹಿಸಿಕೊಂಡು, 1868ರಲ್ಲಿ ಅಲ್ಲಿಯೇ ಟೈಫಸ್ ಜ್ವರಕ್ಕೆ ಬಲಿಯಾದರು. ಲೂಸಿ ಆಸ್ಬರ್ನ್ 1868ರಲ್ಲಿ ಆಸ್ಟ್ರೇಲಿಯಾದ ಸಿಡ್ನಿಗೆ ದಾದಿಯರ ತಂಡದೊಂದಿಗೆ ತೆರಳಿದರು. ಅಮೆರಿಕದಲ್ಲಿ ತರಬೇತಿ ಪಡೆದಿದ್ದ ಲಿಂಡಾ ರಿಚರ್ಡ್ಸ್ 1877ರಲ್ಲಿ ಲಂಡನ್ನಿಗೆ ಬಂದು ಈ ಪದ್ಧತಿಯನ್ನು ಅಭ್ಯಸಿಸಿದರು.

ಭಾರತದ ಸಂಬಂಧ

ನೈಟಿಂಗೇಲ್ ಭಾರತಕ್ಕೆ ಎಂದೂ ಬರಲಿಲ್ಲ. ಆದರೆ 1859ರಲ್ಲಿ ನೇಮಕಗೊಂಡು 1863ರಲ್ಲಿ ವರದಿ ನೀಡಿದ, ಭಾರತದ ಸೇನೆಯ ನೈರ್ಮಲ್ಯ ಕುರಿತ ರಾಯಲ್ ಆಯೋಗದ ಹಿಂದಿನ ಶಕ್ತಿ ಅವರೇ ಆಗಿದ್ದರು. ಬೆಂಗಳೂರು ದಂಡು ಸೇರಿದಂತೆ ದೇಶದ ಸೇನಾ ನೆಲೆಗಳಿಂದ ಪ್ರಶ್ನಾವಳಿಗೆ ಬಂದ ಉತ್ತರಗಳನ್ನು ಪರಿಶೀಲಿಸಿ, ಕುಡಿಯುವ ನೀರು, ಚರಂಡಿ ಮತ್ತು ಜನನಿಬಿಡತೆಯ ಸಮಸ್ಯೆಗಳನ್ನು ಎತ್ತಿ ತೋರಿಸಿದರು. ನೀರಾವರಿ, ಬರಗಾಲ ಹಾಗೂ ಗ್ರಾಮ ನೈರ್ಮಲ್ಯ ಕುರಿತು ಮುಂದೆಯೂ ಬರೆಯುತ್ತಿದ್ದರು.

ಟೀಕೆಗಳು

1887ರಲ್ಲಿ ಬ್ರಿಟಿಷ್ ದಾದಿಯರ ಸಂಘವು ಸರ್ಕಾರಿ ನೋಂದಣಿಗೆ ಚಳವಳಿ ಆರಂಭಿಸಿದಾಗ ನೈಟಿಂಗೇಲ್ ಅದನ್ನು ವಿರೋಧಿಸಿದರು. ದಾದಿಯ ಗುಣವನ್ನು ಪರೀಕ್ಷೆಯಿಂದ ಅಳೆಯಲಾಗದು ಎಂಬುದು ಅವರ ನಿಲುವಾಗಿತ್ತು. ಅವರ ನಿಧನದ ಬಳಿಕ, 1919ರಲ್ಲಿ, ಬ್ರಿಟನ್ನಿನಲ್ಲಿ ನೋಂದಣಿ ಕಾಯ್ದೆ ಜಾರಿಗೆ ಬಂದಿತು. ವಿಧೇಯತೆಗೆ ಅವರ ಪದ್ಧತಿ ನೀಡಿದ ಅತಿಯಾದ ಮಹತ್ವವನ್ನೂ ನಂತರದವರು ಪ್ರಶ್ನಿಸಿದ್ದಾರೆ.

ಕೊನೆಯ ದಿನಗಳು ಮತ್ತು ಸ್ಮರಣೆ

ಇಳಿವಯಸ್ಸಿನಲ್ಲಿ ನೈಟಿಂಗೇಲ್ ದೃಷ್ಟಿಯನ್ನು ಕಳೆದುಕೊಂಡರು. 1907ರಲ್ಲಿ 'ಆರ್ಡರ್ ಆಫ್ ಮೆರಿಟ್' ಗೌರವ ಪಡೆದ ಮೊದಲ ಮಹಿಳೆಯಾದರು. 1910ರ ಆಗಸ್ಟ್ 13ರಂದು ಲಂಡನ್ನಿನಲ್ಲಿ, 90ನೆಯ ವಯಸ್ಸಿನಲ್ಲಿ ನಿಧನರಾದರು. ವೆಸ್ಟ್‌ಮಿನ್ಸ್ಟರ್ ಅಬ್ಬೆಯಲ್ಲಿ ಸಮಾಧಿ ಮಾಡುವ ಸೂಚನೆಯನ್ನು ಕುಟುಂಬ ಒಪ್ಪಲಿಲ್ಲ. ಹ್ಯಾಂಪ್‌ಶೈರಿನ ಈಸ್ಟ್ ವೆಲೋ ಗ್ರಾಮದ ಚರ್ಚಿನ ಆವರಣದಲ್ಲಿ ಅವರ ಸಮಾಧಿಯಿದೆ.

ಅವರ ಜನ್ಮದಿನವಾದ ಮೇ 12ನ್ನು ಅಂತರರಾಷ್ಟ್ರೀಯ ದಾದಿಯರ ದಿನವನ್ನಾಗಿ ಆಚರಿಸಲಾಗುತ್ತದೆ. ಭಾರತ ಸರ್ಕಾರವು 1973ರಲ್ಲಿ ಅವರ ಹೆಸರಿನಲ್ಲಿ ರಾಷ್ಟ್ರೀಯ ಪ್ರಶಸ್ತಿಯನ್ನು ಸ್ಥಾಪಿಸಿತು. ಶುಶ್ರೂಷಾ ವಿದ್ಯಾರ್ಥಿಗಳು ದೀಪ ಬೆಳಗಿಸಿ ಸ್ವೀಕರಿಸುವ 'ನೈಟಿಂಗೇಲ್ ಪ್ರತಿಜ್ಞೆ'ಯನ್ನು ಅವರೇ ರಚಿಸಿದರೆಂಬ ನಂಬಿಕೆ ಸರಿಯಲ್ಲ. ಅದನ್ನು 1893ರಲ್ಲಿ ಅಮೆರಿಕದ ಡೆಟ್ರಾಯಿಟ್ ನಗರದಲ್ಲಿ ಲಿಸ್ಟ್ರಾ ಗ್ರೆಟರ್ ನೇತೃತ್ವದ ಸಮಿತಿ ರೂಪಿಸಿತು.

ಭಾರತದಲ್ಲಿ ಶುಶ್ರೂಷಾ ಶಿಕ್ಷಣದ ಏಕರೂಪತೆಗಾಗಿ 1947ರಲ್ಲಿ ಭಾರತೀಯ ಶುಶ್ರೂಷಾ ಪರಿಷತ್ತಿನ ಕಾಯ್ದೆ ಜಾರಿಯಾಯಿತು. ಇಂದು ಸಾಮಾನ್ಯ ಶುಶ್ರೂಷೆ ಮತ್ತು ಪ್ರಸೂತಿ ಡಿಪ್ಲೊಮಾ 3 ವರ್ಷ, ಬಿ.ಎಸ್ಸಿ. ನರ್ಸಿಂಗ್ 4 ವರ್ಷಗಳ ಅವಧಿಯದಾಗಿವೆ. ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಸೂಲಿಬೆಲೆಯಂಥ ಊರಿನಿಂದ ಪಿಯುಸಿ ಮುಗಿಸಿ ಅರ್ಜಿ ಸಲ್ಲಿಸುವ ವಿದ್ಯಾರ್ಥಿನಿಗೆ, ಅಂದು ನೈಟಿಂಗೇಲರಿಗೆ ಮುಚ್ಚಿದ್ದ ಬಾಗಿಲು ಈಗ ತೆರೆದಿದೆ. ತರಗತಿಯ ಪಾಠ, ವಾರ್ಡಿನ ಪಾಳಿ ಮತ್ತು ಬರೆಯಬೇಕಾದ ದಾಖಲೆಗಳ ನಡುವೆ ವೇಳೆಯನ್ನು ಹೊಂದಿಸಿಕೊಳ್ಳುವ ಕಷ್ಟ ಮಾತ್ರ 1860ರ ಆ 15 ಮಂದಿಗೂ ಇಂದಿನವರಿಗೂ ಸಮಾನವಾಗಿದೆ.